ಹೆಸರು ಕೇಳಿದರೆ ನನ್ನ ಮುಖ ನೋಡುವ ನಾನಾ

ಮನೆ ಹುಡುಕುವಾಗ ಫೋನ್ ಮಾಡುತ್ತಿದ್ದವನು ನಾನೇ. ಮಿಮಿಕ್ರಿ ನನ್ನ ಚಟ. ಶಿವಾಜಿನಗರದ ಹಳೆಯ ಮನೆ ಕೆಡವಿದ ಮೇಲೆ, ರಾಮಮೂರ್ತಿ ನಗರದ ಓನರುಗಳಿಗೆ ನಿವೃತ್ತ ಇನ್ಶೂರೆನ್ಸ್ ಆಫೀಸರನ ದನಿಯಲ್ಲಿ "ನಮಸ್ಕಾರ ಸಾರ್, ಚಿಕ್ಕ ಸಂಸಾರ" ಎನ್ನುತ್ತಿದ್ದೆ. ಆ ದನಿಗೆ ಎಲ್ಲರೂ ಮನೆ ಕೊಡಲು ಒಪ್ಪುತ್ತಿದ್ದರು. ದನಿಯ ಹಿಂದೆ ನಾನಾ, ಅಂದರೆ ನನ್ನ ತಾಯಿಯ ತಂದೆ, ಟೋಪಿ ಹಾಕಿಕೊಂಡು ಗೇಟಿಗೆ ಬಂದಾಗ ಮಾತ್ರ ಆ ಮನೆ ಆಗಷ್ಟೇ ಬೇರೆಯವರಿಗೆ ಹೋಗಿರುತ್ತಿತ್ತು. ಒಬ್ಬರಂತೂ "ನಮಗೇನಿಲ್ಲಪ್ಪ, ಮೇಲಿನವರು ವೆಜ್ಜು" ಎಂದರು. ಮೇಲೆ ಇದ್ದದ್ದು ನೀರಿನ ಟ್ಯಾಂಕು.

ಹಾಗಾಗಿ ನಾನಾಗೆ ಪಾಠ ಮಾಡಿದೆ: ಟೋಪಿ ಜೇಬಿನಲ್ಲಿರಲಿ, ಹೆಸರು ಕೇಳಿದರೆ ನನ್ನ ಮುಖ ನೋಡಿ, ಉತ್ತರ ನಾನು ಕೊಡುತ್ತೇನೆ. ಗಿರಾಕಿಗಳ ಅಳತೆಯನ್ನು ಚೀಟಿಯಿಲ್ಲದೆ ನೆನಪಿಟ್ಟಿದ್ದ ದರ್ಜಿ ನಾನಾ, ಒಂದೇ ದಿನದಲ್ಲಿ ಕಲಿತರು. ಮನೆ ಸಿಕ್ಕಿತು, ನಾವು ಯಾರೆಂದು ಗೊತ್ತಾದ ಮೇಲೆ ಓನರು ಬಿಡಿಸಿದರು. ಹೀಗೆ ಮೂರು ಸಲ. ನಾನಾ ಕಿಟಕಿ ತೆರೆಯುವುದನ್ನು ಬಿಟ್ಟರು, ಕಾಲಿಂಗ್ ಬೆಲ್ಲಿಗೆ ಬೆಚ್ಚಿದರು, ಚಹಾ ಕುಡಿದ ಹತ್ತು ನಿಮಿಷಕ್ಕೆ ಮತ್ತೆ ಚಹಾ ಕೇಳತೊಡಗಿದರು.

ಹಲಸೂರಿನಲ್ಲಿ ಮರೆವಿಗೆ ನೋಡುವ ಡಾಕ್ಟರ ಬಳಿ ಕರೆದೊಯ್ದೆ.

"ತಾತ, ನಿಮ್ಮ ಹೆಸರೇನು?"

ನಾನಾ ನನ್ನ ಮುಖ ನೋಡಿದರು.

"ಎಲ್ಲಿರೋದು?"

ಮತ್ತೆ ನನ್ನ ಮುಖ. ಡಾಕ್ಟರಮ್ಮ ಪರೀಕ್ಷೆಯ ಹಾಳೆಯಲ್ಲಿ ಎರಡು ಸೊನ್ನೆ ಹಾಕಿದರು. ನನಗಂತೂ ಆ ಪ್ರಶ್ನೆಗಳ ಮೇಲೇ ಅನುಮಾನ. ಓನರುಗಳು ಕೇಳುವುದೂ ಅವನ್ನೇ.

"ಮೇಡಂ, ಅದು ಮರೆವಲ್ಲ, ಟ್ರೈನಿಂಗು. ಕೊಟ್ಟೋನು ನಾನೇ," ಎಂದೆ.

ಆಕೆ ನಗಲಿಲ್ಲ. ನನ್ನನ್ನು ಹೊರಗೆ ಕೂರಿಸಿದರು.

ಅರ್ಧ ಗಂಟೆಯ ನಂತರ ಒಳಗೆ ಕರೆದರು. ನಾನಾ ತಮ್ಮ ಹೆಸರು, ಅಪ್ಪನ ಹೆಸರು, ಶಿವಾಜಿನಗರದ ಗಲ್ಲಿ, ಎಲ್ಲ ಹೇಳಿದ್ದರಂತೆ. ಈಗಿನ ಮನೆ ಮಾತ್ರ ಹೇಳಲಿಲ್ಲವಂತೆ.

"ಮರ್ತಿದ್ದಾರಾ, ಮುಚ್ಚಿಡ್ತಿದ್ದಾರಾ ಮೇಡಂ?"

"ಎರಡೂ ಇರಬಹುದಪ್ಪ. ಹೆದರ್ಕೊಂಡು ಸದಾ ಕಾವಲು ಕೂತಿರೋ ತಲೆಗೆ ನೆನಪಿಟ್ಕೊಳ್ಳೋಕೆ ಪುರುಸೊತ್ತೆಲ್ಲಿ? ಮೊದ್ಲು ಆ ಭಯ ಇಳಿಸಿ. ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ."

ಅಂದು ಸಂಜೆ ಪಕ್ಕದಲ್ಲಿ ಕೂತು, ಯಾರ ದನಿಯನ್ನೂ ತೆಗೆಯದೆ ಹೇಳಿದೆ: "ನಾನಾ, ಇನ್ಮೇಲೆ ಯಾರ್ ಕೇಳಿದ್ರೂ ನಿಮ್ಮ ಹೆಸರು ಹೇಳ್ಬಿಡಿ. ಟೋಪಿ ಹಾಕ್ಕೊಳ್ಳಿ. ಏನೂ ಆಗಲ್ಲ."

ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು, ಬಾಗಿಲನ್ನು, ಮತ್ತೆ ನನ್ನನ್ನು ನೋಡಿದರು. ದನಿ ತಗ್ಗಿಸಿದರು.

"ಹೀಗೆ ಹೇಳು ಅಂತ ನಿನ್ನ ಯಾರು ಕಳ್ಸಿದ್ರು, ಬೇಟಾ?"