ಕಬ್ಬಿನ ಗದ್ದೆಯ ತೆರೆದ ಬದಿಯಲ್ಲಿ ಒಂದು ಸಂದರ್ಶನ

ಚಿರತೆ ಕಬ್ಬಿನಿಂದ ಹೊರಗೆ ಬಂದಾಗ ನಾನು ಮೂವತ್ತೊಂದನೇ ಪ್ರಶ್ನೆಯಲ್ಲಿದ್ದೆ. ಈ ವಿಷಯದಲ್ಲಿ ಅನುಮಾನವೇ ಇಲ್ಲ, ಸಮೀಕ್ಷೆಯ ಪ್ರಶ್ನೆಗಳಿದ್ದ ಟ್ಯಾಬು ಅದನ್ನು ಉಳಿಸಿಕೊಂಡಿದೆ. ಉಳಿದದ್ದನ್ನೆಲ್ಲ ನಾನೇ ಉಳಿಸಿಕೊಂಡಿದ್ದೇನೆ. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಅನ್ನಕ್ಕೆ ಸಾರು ಕಲಸುವಾಗ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪ್ರತಿ ಸಲವೂ ನಾನು ಕುರ್ಚಿಗಳನ್ನು ಬೇರೆ ಕಡೆ ಹಾಕಲು ನೋಡುತ್ತೇನೆ. ಪ್ರತಿ ಸಲವೂ ಅವು ಅಲ್ಲೇ ಇರುತ್ತವೆ. ಒಂದರಲ್ಲಿ ಓಡಲಾಗದ ಒಬ್ಬ ಮುದುಕರು, ಇನ್ನೊಂದರಲ್ಲಿ ಚೆನ್ನಾಗಿ ಓಡಬಲ್ಲ ನಾನು.

ನಾನು ನಾಗಮಂಗಲದವನು. ಭೂಗೋಳದಲ್ಲಿ ಎಂ.ಎ. ಮಾಡಿ, ಮನೆಯಲ್ಲಿ ಕೂತು, ತೆಂಗಿನಕಾಯಿ ಬೀಳುವ ಸದ್ದನ್ನು ಎಣಿಸುತ್ತಿದ್ದ ಕಾಲದಲ್ಲಿ ಒಂದು ಕೆಲಸ ಸಿಕ್ಕಿತು. ಒಬ್ಬ ಸಂಶೋಧಕಿ ನಮ್ಮ ಕಡೆಯ ನಾಲ್ಕು ತಾಲ್ಲೂಕುಗಳಲ್ಲಿ ಜನ ತಮ್ಮ ಸುತ್ತಮುತ್ತಲನ್ನು ಹೇಗೆ ಬದಲಿಸುತ್ತಾರೆ, ಸುತ್ತಮುತ್ತಲು ಜನರನ್ನು ಹೇಗೆ ಬದಲಿಸುತ್ತದೆ ಎಂದು ಅಧ್ಯಯನ ಮಾಡುತ್ತಿದ್ದರು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು. ಪ್ರಶ್ನೆಗಳು ಅವರವು, ಕಾಲು ನನ್ನವು.

ಪ್ರಶ್ನೆಗಳು ಬಹಳ ಗಂಭೀರವಾಗಿದ್ದವು, ಉತ್ತರಗಳು ಹಾಗಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರನ್ನು, "ಪರಿಸರದ ಜೊತೆ ನಿಮ್ಮ ಸಂಬಂಧ ಹೇಗಿದೆ? ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ" ಎಂದು ಕೇಳಿದೆ.

"ಅಗೋ, ಆ ಬಂಡೆ ಮೇಲೆ ಮೊಸಳೆ ಬಿಸ್ಲು ಕಾಯ್ತದೆ. ಈ ಬಂಡೆ ಮೇಲೆ ನಾವು ಬಟ್ಟೆ ಒಗೀತೀವಿ. ಅದು ಈ ಬಂಡೆಗ್ ಬಂದ್ರೆ ನಾವು ಆ ಬಂಡೆಗ್ ಓಯ್ತೀವಿ. ಬರ್ಕೊ."

ನಾನು 'ಪರವಾಗಿಲ್ಲ' ಒತ್ತಿದೆ.

ನಮ್ಮೂರಿನ ಕಡೆಯ ರಾಗಿ ಹೊಲದವರು ನವಿಲಿನ ಬಗ್ಗೆ, "ಅದು ಬೀಗ್ರು ಮನೆ ಕೋಳಿ ಇದ್ದಂಗೆ ಕಣಪ್ಪ. ತಿಂದೋದ್ರೂ ನಗ್ತಾ ನಿಂತಿರ್ಬೇಕು" ಎಂದರು. ಪಾಂಡವಪುರದ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವವರು ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದು ಕಟ್ಟು ದಂಟಿನ ಸೊಪ್ಪು ಕೈಗಿಟ್ಟು, "ಸೊರಗಿದ್ದೀಯ, ತಿನ್ನು" ಎಂದರು. ಅದಕ್ಕೆ ಟ್ಯಾಬಿನಲ್ಲಿ ಯಾವ ಆಯ್ಕೆಯೂ ಇರಲಿಲ್ಲ.

ಟ್ಯಾಬಿನ ಬಗ್ಗೆ ಹೇಳಲೇಬೇಕು. ಸಂದರ್ಶನ ಶುರುವಾದ ಕೂಡಲೇ ಅದು ನಾವು ಕೂತ ಜಾಗವನ್ನು ಗುರುತು ಹಾಕಿಕೊಳ್ಳುತ್ತಿತ್ತು. ಮಧ್ಯೆ ಎದ್ದು ಬೇರೆ ಕಡೆ ಹೋದರೆ ಕೆಂಪು ಅಕ್ಷರದಲ್ಲಿ 'ಅಪೂರ್ಣ' ಎಂದು ತೋರಿಸಿ, ಎಲ್ಲವನ್ನೂ ಒಂದನೇ ಪ್ರಶ್ನೆಯಿಂದ ಕೇಳಿಸುತ್ತಿತ್ತು. ಮನೆಯಲ್ಲಿ ಕೂತು ಅಂಕಿ ತುಂಬುವ ನನ್ನಂಥವರನ್ನು ಹಿಡಿಯಲು ಮಾಡಿದ ಏರ್ಪಾಡದು. ಮೇಡಂ ಕೊಟ್ಟ ಸೂಚನೆಯಲ್ಲಿ ಇನ್ನೊಂದು ಸಾಲಿತ್ತು: ಸಂದರ್ಶನ ನಿಶ್ಶಬ್ದವಾದ, ನೆರಳಿರುವ, ಬೇರೆ ಜನರಿಲ್ಲದ ಜಾಗದಲ್ಲಿ ನಡೆಯಬೇಕು.

ಅಂಥ ಜಾಗ ನನಗೆ ಅಕ್ಕಿಹೆಬ್ಬಾಳಿನ ಹತ್ತಿರ, ಹೇಮಾವತಿ ಕಡೆಯ ಒಂದು ಕಬ್ಬಿನ ಗದ್ದೆಯಲ್ಲಿ ಸಿಕ್ಕಿತು.

ಕಟಾವು ನಡೆಯುತ್ತಿತ್ತು. ಹತ್ತು ಹನ್ನೆರಡು ಆಳಿನ ತಂಡ, ಅದಕ್ಕೊಬ್ಬಳು ಮೇಸ್ತ್ರಿ. ಅವಳ ದನಿ ಗದ್ದೆಯ ಈ ಕೊನೆಯಿಂದ ಆ ಕೊನೆಗೆ ಕೇಳುತ್ತಿತ್ತು. ಎಲ್ಲರ ಕೈಯಲ್ಲೂ ಮಚ್ಚು. ಮಚ್ಚುಗಳನ್ನು ಅಲ್ಲೇ ಕೂತು ಮಸೆದುಕೊಡಲು ಕಮ್ಮಾರರ ಮನೆಯ ಈ ಮುದುಕರು ಬರುತ್ತಿದ್ದರು. ಎಷ್ಟೋ ವರ್ಷದಿಂದ ಗದ್ದೆಗಳನ್ನು ಅಂಚಿನಿಂದ ನೋಡಿದವರು. ಮೇಡಂಗೆ ಬೇಕಾದದ್ದೂ ಅಂಥವರೇ. ಅವರ ಎಡಮಂಡಿ ಮಡಚುತ್ತಿರಲಿಲ್ಲ. ನೆಲದಲ್ಲಿ ಕೂರಲಾರರೆಂದು ಪಂಪಿನ ಮನೆಯಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದೆ. ಗದ್ದೆಯ ಮೂರು ಕಡೆ ಜನ, ಮಚ್ಚಿನ ಸದ್ದು, ತರಗಿನ ಧೂಳು. ನಾಲ್ಕನೇ ಕಡೆ ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದು ಹೊಂಗೆ ಮರ, ಪಕ್ಕದಲ್ಲಿ ನಾಲೆ, ತಣ್ಣನೆ ಗಾಳಿ. ಇಷ್ಟು ಒಳ್ಳೆಯ ಜಾಗವನ್ನು ಇವರು ಯಾಕೆ ಖಾಲಿ ಬಿಟ್ಟಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ನಾಗಮಂಗಲದಲ್ಲಿ ತೆಂಗಿನ ಮರಗಳ ನಡುವೆ ಆಚೆ ಹೊಲದ ನಾಯಿಯೂ ಕಾಣುತ್ತದೆ. ಒಳಗೆ ಏನಿದೆಯೋ ಕಾಣದಂಥ ಬೆಳೆಯ ಅಭ್ಯಾಸ ನನಗಿಲ್ಲ.

"ಇಲ್ಲಿ ಬ್ಯಾಡ ಕಣಪ್ಪ," ಎಂದರು ಮುದುಕರು.

"ನೆರಳಿದೆ ತಾತ."

"ನೆರ್ಳೇನೋ ಐತೆ," ಎಂದು ಕಬ್ಬಿನ ಕಡೆ ನೋಡಿದರು. "ಬಿರ್ನೆ ಮುಗೀತದಾ?"

"ಹತ್ತೇ ನಿಮಿಷ," ಎಂದೆ. ಸುಳ್ಳು. ಕೂರಿಸಿದೆ, ಕಬ್ಬಿಗೆ ಬೆನ್ನು ಮಾಡಿ. ಟ್ಯಾಬು ಜಾಗ ಗುರುತು ಹಾಕಿಕೊಂಡಿತು.

ಇಪ್ಪತ್ತಮೂರನೇ ಪ್ರಶ್ನೆ ಹೀಗಿತ್ತು: ಕಟಾವಿನ ಸಮಯದಲ್ಲಿ ಕಾಡುಪ್ರಾಣಿಗಳಿಗೆ ಸಂಬಂಧಿಸಿದಂತೆ ಯಾವುದಾದರೂ ಸ್ಥಳೀಯ ಪದ್ಧತಿ ಇದೆಯೇ?

"ಐತೆ. ಮೂರು ಕಡೆಯಿಂದ ಕಡ್ಕೊಂಡು ಬತ್ತಾರೆ, ಒಂದು ಕಡೆ ಬುಡ್ತಾರೆ. ಒಳ್ಗೆ ಅಂದಿ ಇರ್ಬೋದು, ನರಿ ಇರ್ಬೋದು, ದೊಡ್ದೂ ಇರ್ಬೋದು. ಮಚ್ಚಿನ್ ಸದ್ದು ಅತ್ರ ಬಂದಂಗೆ ಬುಟ್ಟಿರೋ ಕಡೆಯಿಂದ ಎದ್ದೋಯ್ತದೆ. ಅಲ್ಲಿ ಯಾರೂ ನಿಲ್ಲಾಕಿಲ್ಲ."

"ದೊಡ್ಡದು ಅಂದ್ರೆ?"

"ದೊಡ್ದು ಅಂದ್ರೆ ದೊಡ್ದು. ಗದ್ದೇಲಿ ಕುಂತು ಅದ್ರ ಎಸ್ರು ಏಳಾಕಿಲ್ಲ."

ನಾನು ಬರೆದುಕೊಳ್ಳುತ್ತಿದ್ದೆ. "ಒಂದು ನಿಮಿಷ ತಾತ. 'ಒಂದು ಬದಿಯನ್ನು ತೆರೆದಿಡಲಾಗುತ್ತದೆ.' ಸರಿ. ಯಾವ ಕಡೆ?"

"ಈ ಕಡೆ."

'ಪೂರ್ವ' ಎಂದು ಹಾಕಿದೆ. "ಎಲ್ಲ ಗದ್ದೆಯಲ್ಲೂ ಪೂರ್ವವೇನಾ?"

"ಅಲ್ಲ ಕಣಪ್ಪ. ಈ ಗದ್ದೇಲಿ. ಇವತ್ತು. ಇಲ್ಲಿ." ಅವರು ನಮ್ಮಿಬ್ಬರ ಕುರ್ಚಿಗಳ ನಡುವಿನ ನೆಲಕ್ಕೆ ಬೆರಳಿಟ್ಟು ತೋರಿಸಿದರು.

ನನಗೆ ಮೈ ಜುಮ್ಮೆಂದಿತು. ಎಂಥ ಉತ್ತರ! ಇಷ್ಟು ದಿನದಲ್ಲಿ ಯಾರೂ ಕೊಡದ ಉತ್ತರ. ಮೇಡಂ ಓದಿ ಕುಣಿದಾಡುತ್ತಾರೆ. ಒಂದಕ್ಷರವೂ ತಪ್ಪದಂತೆ ಟೈಪು ಮಾಡಿದೆ, ಒಂದು ಸಲ ಅವರಿಗೆ ಓದಿಯೂ ಹೇಳಿದೆ. ಅವರು ಸರಿ ಎಂದು ತಲೆಯಾಡಿಸಿದರು. ಇಬ್ಬರೂ ಹಾಗೇ ಕೂತಿದ್ದೆವು.

"ಬರ್ಕಂಡಾಯ್ತಾ? ನಡಿ, ಆ ಕಡೀಕ್ ಓಗಾನ."

"ಜಾಗ ಬಿಟ್ಟರೆ ಮತ್ತೆ ಮೊದಲಿನಿಂದ ಕೇಳಬೇಕು ತಾತ."

"ಮೊದ್ಲಿಂದಾನಾ? ಮನೇಲಿ ಎಷ್ಟು ಜನ, ಸೌದೆನಾ ಗ್ಯಾಸಾ, ಅದೆಲ್ಲಾವಾ?"

"ಅದೆಲ್ಲಾ."

ಅವರು ಕಬ್ಬಿನ ಕಡೆ ಕತ್ತು ತಿರುಗಿಸಿದರು, ನನ್ನ ಟ್ಯಾಬನ್ನು ನೋಡಿದರು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ತೂಗುತ್ತಿದ್ದರು ಅನ್ನಿಸುತ್ತದೆ. "ಬಿರ್ಬಿರ್ನೆ ಕೇಳ್ಬುಡು ಅತ್ಲಾಗೆ," ಎಂದರು.

ಇಪ್ಪತ್ತನಾಲ್ಕು, ಇಪ್ಪತ್ತೈದು. ಮಚ್ಚಿನ ಸದ್ದು ಹತ್ತಿರವಾಗುತ್ತಿತ್ತು. ಇಪ್ಪತ್ತೆಂಟರ ಹೊತ್ತಿಗೆ ಅವರು ಉತ್ತರಗಳನ್ನು ಹೌದು, ಇಲ್ಲಕ್ಕೆ ಇಳಿಸಿದ್ದರು. ಮೂವತ್ತರಲ್ಲಿ ಹೌದು, ಇಲ್ಲ ಎರಡನ್ನೂ ಒಟ್ಟಿಗೆ ಹೇಳಿದರು. ಮೂವತ್ತೊಂದು: ನಿಮ್ಮ ಸುತ್ತಮುತ್ತ ನೀವು ಎಷ್ಟು ಸುರಕ್ಷಿತ ಎಂದು ಭಾವಿಸುತ್ತೀರಿ?

ಹೊಂಗೆಯಲ್ಲಿದ್ದ ಗೊರವಂಕಗಳು ಒಮ್ಮೆಗೇ ಕಿರುಚಿ ಎದ್ದವು. ಮುದುಕರ ಹೆಗಲಿನ ಹಿಂದೆ ಕಬ್ಬಿನ ಗರಿ ಗಾಳಿಗೆ ಎದುರಾಗಿ ಅಲ್ಲಾಡಿತು, ಆಮೇಲೆ ಎರಡು ಜಲ್ಲೆಗಳ ನಡುವೆ ಒಂದು ಮುಖ ಬಂದು ನಿಂತಿತು. ನನಗೆ ನೆನಪಿರುವುದು ಅದರ ಕಿವಿ, ಮತ್ತು ಬೆನ್ನಿಗೆ ಅಂಟಿದ್ದ ಒಂದು ಒಣಗರಿ. ಮದುವೆ ಮನೆಯಲ್ಲಿ ತಪ್ಪು ಕೋಣೆಯ ಬಾಗಿಲು ತೆಗೆದವರಂತೆ ಅದು ನಮ್ಮಿಬ್ಬರನ್ನೂ ನೋಡಿತು. ಅದಕ್ಕೂ ಮುಜುಗರವಾದಂತಿತ್ತು.

ನಾನು ನಾಲೆಗೆ ಹಾರಿದೆ.

ಇಲ್ಲಿಯವರೆಗೆ ನಗುತ್ತಲೇ ಹೇಳುತ್ತೇನೆ, ಇಲ್ಲಿಗೆ ಬಂದಾಗ ನಗು ಬರುವುದಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ನೋಡಿಕೊಂಡರೆ, ನನ್ನ ಎರಡೂ ಕೈ ತಲೆಯ ಮೇಲಿದ್ದವು, ಎರಡು ಕೈಯಲ್ಲೂ ಟ್ಯಾಬು. ಅದಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಆ ಕೈಗಳು ಹಿಡಿದೆಳೆಯಬೇಕಾಗಿದ್ದವರು ನಾಲೆಯ ಏರಿಯ ಮೇಲೆ ಕುರ್ಚಿಯಲ್ಲೇ ಇದ್ದರು. ಕೆಳಗಿನಿಂದ ನನಗೆ ಕುರ್ಚಿಯ ಬೆನ್ನಿನ ತುದಿ ಮಾತ್ರ ಕಾಣುತ್ತಿತ್ತು. ಏನೋ ಬಿದ್ದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ, ಅನ್ನಕ್ಕೆ ಸಾರು ಕಲಸುವಾಗ ನೆನಪಾದರೆ ಅದು ಬಹಳ ಉದ್ದವಾಗಿರುತ್ತದೆ.

ಬಿದ್ದದ್ದು ನನ್ನ ಖಾಲಿ ಕುರ್ಚಿ. ಚಿರತೆ ಅದನ್ನು ಉರುಳಿಸಿಕೊಂಡು ಏರಿಯ ಮೇಲೆಯೇ ಹೊರಟುಹೋಗಿತ್ತು. ಮುದುಕರಿಗೆ ಒಂದು ಗೀರೂ ಇರಲಿಲ್ಲ. ಅವರು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು, ಮಡಚದ ಮಂಡಿಯನ್ನೂ ಮಡಚಿ, ಮಳೆಯಲ್ಲಿ ಸಿಕ್ಕ ಕೋಳಿಯಂತೆ ಮುದುರಿ ಕೂತಿದ್ದರು.

ಮೇಸ್ತ್ರಿ ಓಡಿಬಂದಳು. ಅವರ ಮೈ ಕೈ ಮುಟ್ಟಿ ನೋಡಿದಳು, ಆಮೇಲೆ ನಾಲೆಯ ಕಡೆ ತಿರುಗಿದಳು.

"ಯಾವನ್ಲಾ ಇಲ್ಲಿ ಕುರ್ಚಿ ಆಕ್ದೋನು? ಬುಟ್ಟಿರೋ ಕಡೇಲೇ ಬಂದು ಕುಂತಿದ್ದೀಯಲ್ಲ! ಓದಿರೋನಾ ನೀನು?"

"ಹೂಂ."

"ಎಷ್ಟು?"

"ಎಂ.ಎ."

"ಅಷ್ಟು ಬ್ಯಾಡಾಗಿತ್ತು."

ಆಳುಗಳೆಲ್ಲ ನಕ್ಕರು. ಕಾಲು ಕೆಳಗಿಡಲಾಗದ ಮುದುಕರನ್ನು ನಾಲ್ವರು ಕುರ್ಚಿ ಸಮೇತ ಎತ್ತಿ ಪಂಪಿನ ಮನೆಗೆ ಹೊತ್ತರು. "ಉತ್ಸವಮೂರ್ತಿ ಕಣ್ರೋ, ದಾರಿ ಬುಡಿ" ಎಂದು ಒಬ್ಬ ಕೂಗಿದ. ಮುದುಕರು ನಗಲಿಲ್ಲ. ಬಿಗಿಯಾಗಿ ಹಿಡಿದ ಕುರ್ಚಿಯ ಕೈಗಳನ್ನು ಪಂಪಿನ ಮನೆಯಲ್ಲೂ ಬಿಡಲಿಲ್ಲ.

ಫೋನಿನಲ್ಲಿ ಮೇಡಂ ಮೊದಲು ಕೇಳಿದ್ದು, "ಯಾರಿಗೂ ಏನೂ ಆಗಿಲ್ಲ ತಾನೇ?" ಮರ್ಯಾದೆಗೆ ಸ್ವಲ್ಪ ಹೊತ್ತು ಬಿಟ್ಟು, "ಟ್ಯಾಬು?" ಒಳ್ಳೆಯವರು. ನಾಲ್ಕು ದಿನ ರಜೆ ಕೊಟ್ಟರು. ಇಪ್ಪತ್ತಮೂರನೇ ಉತ್ತರವನ್ನು ಓದಿದ ಮೇಲೆ ಮತ್ತೆ ಫೋನು ಮಾಡಿ, "ಇದನ್ನು ಬರೆದುಕೊಂಡ ಮೇಲೂ ಕೂತಿದ್ದಿರಾ?" ಎಂದರು. ಹೌದು ಎಂದೆ. "ಜನರಿಂದ ಕಲಿಯುವುದು ಅಂತ ನನ್ನ ಒಂದು ಅಧ್ಯಾಯವೇ ಇದೆ," ಎಂದು ಅವರು ನಗಲು ಶುರುಮಾಡಿ, ನಾನು ನಗದ್ದನ್ನು ಗಮನಿಸಿ ನಿಲ್ಲಿಸಿದರು.

ರಜೆ ಮುಗಿದ ಮೇಲೂ ಕಬ್ಬು ಕಂಡರೆ ಬಸ್ಸಿನ ಇನ್ನೊಂದು ಬದಿಯ ಕಿಟಕಿಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಮೇಸ್ತ್ರಿಯೇ ಫೋನು ಮಾಡಿದಳು. ಮುದುಕರು ಗದ್ದೆಗೆ ಬರುವುದನ್ನೇ ಬಿಟ್ಟಿದ್ದಾರೆ, ಮಚ್ಚುಗಳನ್ನು ಮನೆಗೇ ಕಳಿಸಿ ಎನ್ನುತ್ತಾರೆ, ಅವರಿಲ್ಲದೆ ಗದ್ದೆ ಬಿಕೋ ಎನ್ನುತ್ತದೆ. "ನೀನೇ ಕೂರ್ಸಿದ್ದು, ನೀನೇ ಬಂದು ಎಬ್ಬುಸ್ಕೊಂಡ್ ಓಗು," ಎಂದಳು.

ಅವರು ಕುಲುಮೆಯ ಮುಂದೆ, ಗೋಡೆಗೆ ಬೆನ್ನು ಒತ್ತಿ ನಿಂತಿದ್ದರು. ಏನು ಹೇಳಬೇಕೆಂದು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ: "ನಿಮ್ಮನ್ನ ಬಿಟ್ಟು ಓಡಿಬಿಟ್ಟೆ ತಾತ."

"ಓಡ್ದೆ," ಎಂದರು. ಕೆಂಡವನ್ನು ಕೆದಕಿದರು. "ಎಲ್ರೂ ನನ್ನ ಧೈರ್ಯ ಒಗಳ್ತಾವ್ರೆ ಕಣ್ಲಾ. ಅಲ್ಲಾಡ್ದಂಗೆ ಕುಂತಿದ್ನಂತೆ. ನಂಗೆ ಏಳಕ್ಕಾಗಿದ್ರೆ ನಿಂಗಿಂತ ಮೊದ್ಲು ನಾಲೇಲಿ ಇರ್ತಿದ್ದೆ. ತಿರುಗಿ ನೋಡ್ದೆ, ನೀನಿಲ್ಲ. ಅದು ಬಂದಿದ್ದಕ್ಕಿಂತ ನೀನಿಲ್ದೆ ಇದ್ದುದ್ದೇ ಬೋ ದಿಗ್ಲಾಯ್ತು. ಈಗ ಯಾರಾರ ಬೆನ್ನಿಂದೆ ನಡುದ್ರೂ ಜೀವ ಜಲ್ ಅಂತದೆ."

ನನಗೂ ಹಾಗೇ ಎಂದೆ. ಬಸ್ಸಿನ ಕಿಟಕಿಯ ವಿಷಯ ಹೇಳಿದೆ. ಅವರಿಗೆ ಅದು ಬಹಳ ಇಷ್ಟವಾಯಿತು. "ಬಸ್ಸಲ್ಲೂ ಎದ್ರುಕೋತೀಯಾ?" ಎಂದು ಎರಡು ಸಲ ಕೇಳಿ ನಕ್ಕರು.

"ಸೋಮವಾರ ಪಕ್ಕದ ಗದ್ದೆ ಕಡೀತಾರಂತೆ," ಎಂದೆ. "ನೀವು ಹೋಗೋದಾದ್ರೆ ನಾನೂ ಬರ್ತೀನಿ. ಟ್ಯಾಬು ತರಲ್ಲ."

"ಮತ್ತೆ ದೊಡ್ದು ಬಂದ್ರೆ? ಓಡಲ್ವಾ?"

ಓಡುವುದಿಲ್ಲ ಎನ್ನಬಹುದಿತ್ತು. ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. "ಓಡ್ತೀನಿ ತಾತ."

"ಓಡು, ಬ್ಯಾಡ ಅನ್ನಾಕಿಲ್ಲ." ಅವರು ನನ್ನ ರಟ್ಟೆ ಹಿಡಿದು, ಎಷ್ಟು ಶಕ್ತಿ ಇದೆಯೋ ಎಂದು ಒಮ್ಮೆ ಅದುಮಿ ನೋಡಿದರು. "ನನ್ನೂ ಎಳ್ಕೊಂಡ್ ಓಡು."

ಸೋಮವಾರ ಇಬ್ಬರೂ ಹೋದೆವು. ಒಂದು ಹಂದಿಯೂ ಬರಲಿಲ್ಲ. ಆದರೂ ಸಂಜೆಯವರೆಗೆ ಅವರು ನನ್ನ ಅಂಗಿಯ ತೋಳು ಬಿಡಲಿಲ್ಲ, ಒಂದೇ ಕೈಯಲ್ಲಿ ಮಚ್ಚು ಮಸೆದರು. ನಾನೂ ಬಿಡಿಸಿಕೊಳ್ಳಲಿಲ್ಲ.