ಹಾಡುವ ರುಂಡ

ಆ ಚಿತ್ರವನ್ನು ಗೋಡೆಗೆ ಹಾಕಿದ ದಿನ ಅತ್ತೆ ಊಟ ಬಿಟ್ಟರು. "ಮುತ್ತೈದೆ ಇರೋ ಮನೇಲಿ ಕಡಿದ ತಲೆ ನೇತಾಕ್ತಾರೇನೇ? ಬುದ್ಧಿಗಿದ್ಧಿ ಕೆಟ್ಟಿದ್ಯಾ?" ಎಂದರು. ಆಗ ನನಗೆ ಪಿಸುಮಾತಿಗಿಂತ ಜೋರಾಗಿ ಮಾತಾಡಲು ಆಗುತ್ತಿರಲಿಲ್ಲ. ಸುತ್ತಿಗೆಯನ್ನು ಗರಾಜಿನಲ್ಲಿಟ್ಟು ಬಂದು ಅನ್ನ ಬಡಿಸಿಕೊಂಡೆ.

ಯೂನಿಯನ್ ಸಿಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಮಕ್ಕಳಿಗೆ ಸಂಗೀತ ಕಲಿಸುತ್ತೇನೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ಗಂಟಲು ಕೈಕೊಟ್ಟಿತು. ದನಿ ಮರಳಬಹುದು, ಮರಳದೆಯೂ ಇರಬಹುದು ಎಂದರು ಡಾಕ್ಟರು. ಗಂಡ ಸಮಾಧಾನ ಮಾಡಲು ಹೋಗಿ, "ಕ್ಲಾಸು ಕ್ಲೋಸ್ ಮಾಡ್ಬಿಡು, ಆರಾಮಾಗಿರು" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಡು ಕಲಿಸುವುದು ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ.

ಅದೇ ಕೋಪದಲ್ಲಿ ಒಬ್ಬಳೇ ಟ್ರೈನು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಯಾರೊಂದಿಗೂ ಮಾತಾಡಬೇಕಾಗಿಲ್ಲವೆಂದು ಒಂದು ಮ್ಯೂಸಿಯಂ ಹೊಕ್ಕೆ. ಅಲ್ಲಿ ಅದಿತ್ತು. ಕತ್ತಲಾಗುತ್ತಿರುವ ಹೊಳೆ, ತೇಲುವ ತಂತಿವಾದ್ಯ, ಅದಕ್ಕೊರಗಿದ ಗಂಡಸಿನ ರುಂಡ. ಕಣ್ಣು ಮುಚ್ಚಿದೆ, ತುಟಿ ತೆರೆದಿದೆ, ರಕ್ತದ ಹನಿಯೂ ಇಲ್ಲ. ಸಿಂಬಲಿಸ್ಟ್ ಪಂಥದ ಚಿತ್ರವಂತೆ. ಕಣ್ಣಿಗೆ ಕಂಡದ್ದಕ್ಕಿಂತ ಒಳಗಿನದ್ದನ್ನು ಬರೆಯುವವರಂತೆ ಅವರು. ಗ್ರೀಕ್ ಪುರಾಣದ ಈ ಗಾಯಕನನ್ನು ಹೆಂಗಸರು ಸಿಗಿದು ಹೊಳೆಗೆ ಎಸೆದರೂ ತಲೆ ಹಾಡುತ್ತಲೇ ಸಮುದ್ರ ಸೇರಿತು ಎಂದು ಪಕ್ಕದ ಫಲಕದಲ್ಲಿತ್ತು. ಕುತ್ತಿಗೆಯೇ ಇಲ್ಲದವನು ಹಾಡಿದ. ನನಗಾದರೋ ಕುತ್ತಿಗೆಯಿದೆ, ಅದರ ಮೇಲೊಂದು ಹೊಲಿಗೆ, ಅಷ್ಟೇ. ಅಲ್ಲಿನ ಅಂಗಡಿಯಲ್ಲಿ ಪ್ರಿಂಟು ಕೊಂಡು ಮನೆಗೆ ತಂದೆ.

ಬೇಸಿಗೆ ಕಳೆಯುವ ಹೊತ್ತಿಗೆ ದನಿ ಮರಳಿತು, ಗೊಗ್ಗರಾಗಿ. ಸಾಕೆಂದುಕೊಂಡು ನಿಂತಿದ್ದ ಕ್ಲಾಸನ್ನು ಮತ್ತೆ ತೆರೆದೆ. ಹಳೆಯ ಮಕ್ಕಳಲ್ಲಿ ಎಷ್ಟೋ ಜನ ಆಗಲೇ ಬೇರೆ ಟೀಚರ ಬಳಿ ಸೇರಿದ್ದರು. ಉಳಿದವರ ಅಮ್ಮಂದಿರು ಸೋಫಾದಲ್ಲಿ ಕೂತು ಒಮ್ಮೆ ರುಂಡವನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಇವರೂ ಹೊರಟರೆ ನನ್ನ ಕಥೆ ಮುಗಿದಂತೆ ಎಂದು ನನಗೆ ಗೊತ್ತಿತ್ತು. ಹೊಸದಾಗಿ ಬಂದಿದ್ದವಳು ಒಬ್ಬಳೇ ಪುಟ್ಟ ಹುಡುಗಿ, ನನ್ನ ಹಳೆಯ ದನಿ ಕೇಳಿಯೇ ಇರದವಳು.

"ನಾನು ಹೇಗೆ ಹೇಳ್ತೀನೋ ಹಾಗೇ ಹೇಳ್ಬೇಕು, ಆಯ್ತಾ?" ಎಂದು ಅವಳಿಗೆ ಹೇಳಿ, ಶ್ರುತಿಪೆಟ್ಟಿಗೆ ಹಾಕಿ ಸರಳೆ ವರಸೆ ಶುರುಮಾಡಿದೆ. ಸ ರಿ ಗ ಮ ಎಂದು ಒಂದೊಂದೇ ಸ್ವರ ಹತ್ತಿ ಮೇಲಿನ ಷಡ್ಜಕ್ಕೆ ಬಂದಾಗ ದನಿ ಒಡೆದು ಬರೀ ಗಾಳಿ ಹೊರಟಿತು.

ಹುಡುಗಿ ಹೇಳಿದಳು. ಮೇಲಿನ ಷಡ್ಜಕ್ಕೆ ಬಂದು ಅವಳೂ ದನಿ ಒಡೆದು ಗಾಳಿ ಬಿಟ್ಟಳು.

ಸೋಫಾದಲ್ಲಿ ಯಾರೋ ಕಿಸಕ್ಕೆಂದರು. ಅವಳ ಅಮ್ಮ ಕೆಂಪಾಗಿ, "ಹಾಗಲ್ವೇ, ಮಿಸ್‌ಗೆ ಗಂಟ್ಲು ಸರಿಯಿಲ್ಲ" ಎಂದರು. ಹುಡುಗಿಯ ಕಣ್ಣಲ್ಲಿ ನೀರಾಡಿತು. "ಬಟ್ ಐ ಡಿಡ್ ಇಟ್ ಎಕ್ಸಾಕ್ಟ್‌ಲಿ!"

ಅವಮಾನದಿಂದ ನನ್ನ ಕಿವಿ ಬಿಸಿಯಾಗಿತ್ತು. ಆದರೆ ಅವಳೆಂದದ್ದು ನಿಜ. ಕೆಳಗಿನ ಸ್ವರಗಳೆಲ್ಲ ಶ್ರುತಿಯಲ್ಲೇ ನಿಂತಿದ್ದವು. ರಿಷಭವನ್ನು ನಾನು ಹಿಡಿದಲ್ಲೇ ಹಿಡಿದಿದ್ದಳು. ಒಡಕನ್ನೂ ಬಿಡದವಳು ಇನ್ನೇನನ್ನು ಬಿಟ್ಟಾಳು? ನಾನು ಕಲಿಸಿದ್ದು ಮುಟ್ಟುತ್ತಿತ್ತು.

"ಕರೆಕ್ಟಾಗೇ ಹೇಳಿದೆ ಕಂದ," ಎಂದೆ. "ಈಗ ಶ್ರುತಿ ಕೇಳ್ಕೊಂಡು ಆ ಮೇಲಿನ ಸ ಒಂದು ನೀನು ನಂಗೆ ಹೇಳ್ಕೊಡು."

ಅವಳು ಕಣ್ಣೊರೆಸಿಕೊಂಡು ಹೇಳಿದಳು, ನೇರವಾಗಿ, ಸ್ವಚ್ಛವಾಗಿ. ಅಷ್ಟೂ ಜನ ಅಮ್ಮಂದಿರೆದುರು, ಆ ಒಡೆದ ದನಿಯಲ್ಲೇ, ನಾನು ಅವಳ ಹಿಂದೆ ಹೇಳಿದೆ.