ಹೊಸತೊಡಕಿನ ದಿನ ಮಗಳ ತಟ್ಟೆ

ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ನಾನೂ ಮಗಳು ಸಹನಾಳೂ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ, ಹಬ್ಬದ ರಶ್ಶಿನಲ್ಲಿ ಜಗಳವೆಲ್ಲ ಸೀಟಿಗೆ. ಹೊಸತೊಡಕೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಬಾಡೂಟ. ನೆಂಟರ ಮನೆಯಲ್ಲಿ ಉಣ್ಣದೆ ಎದ್ದರೆ ಮುನಿಸು. ಹತ್ತೊಂಬತ್ತರ ಸಹನಾಳಿಗೆ ಎರಡು ವರ್ಷದಿಂದ ಊಟವೆಂದರೆ ಭಯ. ಡಾಕ್ಟರು ಅದಕ್ಕೆ ಈಟಿಂಗ್ ಡಿಸಾರ್ಡರ್ ಎಂದರು. ಹೋದ ವರ್ಷದ ಹೊಸತೊಡಕಿಗೆ ನನ್ನ ತವರಿನಲ್ಲಿ ಎಲ್ಲರಿಗೂ ಬಡಿಸಿ, ತನ್ನ ಊಟವಾಯಿತೆಂದು ಸುಳ್ಳು ಹೇಳಿ, ಹಿತ್ತಲಲ್ಲಿ ತಲೆಸುತ್ತಿ ಬಿದ್ದಿದ್ದಳು. ಈ ಸಲ ತಾನೇ ಹೊರಟಿದ್ದಳು, ಒಂದು ಷರತ್ತಿನ ಮೇಲೆ: "ನನ್ನ ತಟ್ಟೆ ವಿಚಾರಕ್ಕೆ ನೀನು ಬರ್ಬೇಡ."

ನಾನು ತಲೆಯ ಮೇಲೆ ಸ್ಟೀಲು ಪಾತ್ರೆ ಹೊತ್ತು ಮಾರಿ ಅಂಗಡಿ ಕಟ್ಟಿದವಳು. ಚೌಕಾಸಿ ಮಾಡದೆ ಸೊಪ್ಪಿನ ಕಟ್ಟೂ ಕೊಂಡಿಲ್ಲ. ಹಿಂದಿನ ದಿನವೇ ಅಕ್ಕನ ಮನೆಗೂ ತವರಿಗೂ ಫೋನು ಮಾಡಿದ್ದೆ: ಹುಡುಗಿಯ ಮೈ ಬಗ್ಗೆ ಮಾತು ಬೇಡ, ಬಲವಂತ ಬೇಡ. ಇಂಥ ಮಕ್ಕಳಿರುವವರು ನೀವೂ ಹೀಗೇ ಮೊದಲೇ ಹೇಳಿಡಿ. ಬಾಗಿಲಲ್ಲಿ ನಿಂತು ಹೇಳಿದರೆ ಯಾರ ಕಿವಿಗೂ ಹೋಗದು.

ಪಾಂಡವಪುರದಲ್ಲಿ ನನ್ನ ಅಕ್ಕ ಜಯಮ್ಮ ದೋಸೆ ಇಟ್ಟು ಕೂರಿಸುತ್ತಾ, "ಬಾರವ್ವ, ಈಗ ಮೈ ಕೈ ತುಂಬ್ಕಂಡು ಚೆಂದಾಗಿದ್ದೀಯ ಕಣೆ" ಎಂದೇಬಿಟ್ಟಳು. ಸಹನಾಳ ಬೆರಳುಗಳು ದೋಸೆಯ ಮೇಲೆ ನಿಂತವು. ಅಷ್ಟರಲ್ಲಿ ಅಕ್ಕ ಇನ್ನೊಂದು ದೋಸೆ ತಂದಳು.

"ಬ್ಯಾಡ ಕಣಕ್ಕ," ಎಂದೆ.

"ಒಂದು ದ್ವಾಸೆಗೆ ಯಾಕಿಂಗಾಡ್ತೀಯೆ? ನಿಮ್ಮನೆದೇನಲ್ವಲ್ಲ."

"ಆಯ್ತು, ಅರ್ಧ ಆಕು."

ಅರ್ಧಕ್ಕಿಳಿಸಿದೆನೆಂದು ನಾನು ಬೀಗುವಷ್ಟರಲ್ಲಿ ಸಹನಾ ಕೈ ತೊಳೆದಾಗಿತ್ತು.

ತವರಿಗೆ ಹೋಗಲು ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಇಳಿದಾಗ ಹನ್ನೆರಡೂವರೆ, ಸ್ಟ್ಯಾಂಡಿನ ನೆಲ ಕಾದಿತ್ತು.

"ದೊಡ್ಡಮ್ಮನ ಜೊತೆ ವ್ಯಾಪಾರ ಮುಗಿಸ್ದೆ. ಎಷ್ಟು ಬೇಕು ಅಂತ ನನ್ನ ಕೇಳ್ದ್ಯಾ?" ಎಂದಳು.

"ವಾಪಸ್ ಓಗವಾ?" ಎಂದೆ. ಅವಳು ಒಂದು ಎಳನೀರು ಪೂರ್ತಿ ಕುಡಿದು ನಾಗಮಂಗಲದ ಬಸ್ಸು ಹತ್ತಿದಳು.

ನಾಗಮಂಗಲದ ನನ್ನ ತವರಿನಲ್ಲಿ ಅವ್ವ ಮುದ್ದೆ ಕಟ್ಟುತ್ತಿದ್ದಳು. "ಅಜ್ಜಿ, ನಾನು ಬಡಿಸ್ತೀನಿ," ಎಂದಳು ಸಹನಾ. ಹೋದ ವರ್ಷದ್ದೂ ಇದೇ ಉಪಾಯ. ಬಾಯಿ ತೆರೆದೆ. ಅವಳು ನನ್ನತ್ತ ನೋಡಿದಳು. ಮುಚ್ಚಿಕೊಂಡೆ. ನಮ್ಮಲ್ಲಿ ಬಡಿಸಿದವರು ಕೊನೆಗೆ ಒಲೆಯ ಮುಂದೆ ಕೂತು ಉಣ್ಣುತ್ತಾರೆ. ಅವರ ತಟ್ಟೆಯನ್ನು ಯಾರೂ ನೋಡುವುದಿಲ್ಲ.

ಎಲ್ಲರದೂ ಮುಗಿದ ಮೇಲೆ ಅವ್ವ, "ಬಾ ಕೂಸೆ, ಒಬ್ಳೇ ಉಣ್ಣಕ್ಕೆ ನಂಗೆ ಬ್ಯಾಜಾರು. ಎಷ್ಟು ಬೇಕೋ ನೀನೇ ಆಕ್ಕೋ" ಎಂದು ಕರೆದಳು. ನಾನು ಜಗಲಿಯಲ್ಲಿ ಕೂತೆ. ಎಮ್ಮೆ ಕರು ಹಾಕಿದ ಕತೆಯನ್ನು ಅವ್ವ ಒಳಗೆ ಉದ್ದಕ್ಕೆ ಎಳೆಯುತ್ತಿದ್ದಳು. ಎರಡು ಸಲ ಎದ್ದು, ಎರಡು ಸಲವೂ ಕೂತೆ.

ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು, ಮಗಳಿಗೆ ಬಿಟ್ಟುಕೊಟ್ಟೆ. "ಎಷ್ಟು ಉಂಡೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, "ಅಜ್ಜಿ ಏನಂದ್ಲು?" ಎಂದೆ.

"ಸಾರಿಗೆ ಉಪ್ಪು ಸಾಲ್ದು ಅಂದ್ಲು. ಹೂಂ, ಕಮ್ಮಿನೇ ಇತ್ತು. ಇಬ್ರೂ ಮೇಲೆ ಉದುರಿಸ್ಕಂಡ್ವಿ."

ಅದೇ ಸಾರು ನಾನೂ ಉಂಡಿದ್ದೆ. ಉಪ್ಪು ಕಮ್ಮಿಯಿದ್ದದ್ದು ನನಗೆ ಗೊತ್ತೇ ಆಗಿರಲಿಲ್ಲ.